ಸಸಿಮಡಿಯಿಂದ ಗದ್ದೆಗೆ

(ಬಾನುಲಿ ಭಾಷಣ)



ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ಜೀವವಿಜ್ಞಾನದ ಸಣ್ಣ ಉದ್ದಿಮೆಗಳನ್ನೂ ಅವುಗಳಿಗೆ ಸರ್ಕಾರ ನೀಡುವ ನೆರವನ್ನೂ ಕುರಿತು ಮಾತನಾಡಲು ಹೊರಟಿರುವುದು ನಿಮ್ಮಲ್ಲಿ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ನನಗೂ ಮೊದಲು ಹಾಗೆಯೇ ತೋರಿತು. ಮೂವತ್ತು ವರ್ಷಗಳ ಅಧ್ಯಾಪನದಲ್ಲಿ ನಾನು ಪ್ರಯೋಗಾಲಯದ ಹೊಸ್ತಿಲು ದಾಟಿದ್ದರೆ ಅದು ಪರೀಕ್ಷಾ ಮೇಲ್ವಿಚಾರಣೆಗಾಗಿ ಮಾತ್ರ. ಆದರೂ ಈ ವಿಷಯ ನನ್ನ ಮನೆಯ ಬಾಗಿಲಿಗೇ ಬಂದು ನಿಂತಿತು. ಬಂದುದಷ್ಟೇ ಅಲ್ಲದೆ ಒಂದು ಪ್ರಶ್ನೆಯನ್ನೂ ಕೇಳಿತು. ಆ ಪ್ರಶ್ನೆಗೆ ಅಂದು ಉತ್ತರ ಕೊಡಲಾಗದೆ ಹೋದ ನಾನು, ಇಂದು ನಿಮ್ಮೆಲ್ಲರ ಸಮ್ಮುಖದಲ್ಲಿ ಕೊಡಲು ಪ್ರಯತ್ನಿಸುತ್ತಿದ್ದೇನೆ.

ಒಂದು ಮಳೆಗಾಲದ ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಬಿ.ಎಸ್‌ಸಿ. ತರಗತಿಯಲ್ಲಿ ನನ್ನಿಂದ ಕನ್ನಡ ಭಾಷಾಪಾಠ ಕೇಳಿದ್ದವಳು. ಮುಂದೆ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಉನ್ನತ ವ್ಯಾಸಂಗ ಮಾಡಿ, ಸ್ವಂತದ್ದೊಂದು ಚಿಕ್ಕ ಉದ್ದಿಮೆಯನ್ನು ಆರಂಭಿಸಿದ್ದಳು. ಕಾಫಿ ಕುಡಿದು ಮುಗಿಸಿದ ಮೇಲೂ ಲೋಟವನ್ನು ಕೆಳಗಿಡದೆ ಕೈಯಲ್ಲೇ ತಿರುಗಿಸುತ್ತ, “ಸರ್, ನಾನು ಸರ್ಕಾರದ ದುಡ್ಡು ಹಾಳುಮಾಡಿದೆನೆ?” ಎಂದು ಕೇಳಿದಳು.

ಈ ಪ್ರಶ್ನೆಯ ಹಿನ್ನೆಲೆಯನ್ನು ಸ್ವಲ್ಪ ವಿವರಿಸಬೇಕು. ಅವಳ ತಂದೆತಾಯಿಗಳು ಹಸು ಸಾಕಿ, ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕಿ, ಆ ಹಣದಿಂದಲೇ ಮಗಳನ್ನು ಓದಿಸಿದವರು. ಹಸು ಸಾಕಿದವರಿಗೆಲ್ಲ ಕೆಚ್ಚಲು ಬಾವು ಎಂಬ ಮಾತು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಕೆಚ್ಚಲು ಊದಿ, ಹಾಲು ಒಡೆದು ಗರಣೆ ಬರುವ ಹೊತ್ತಿಗೆ ಕಾಲ ಮೀರಿರುತ್ತದೆ. ಎಷ್ಟೋ ಸಲ ಒಂದು ಮೊಲೆ ಬತ್ತಿಯೇ ಹೋಗುತ್ತದೆ. ಕಣ್ಣಿಗೆ ಕಾಣುವ ಮೊದಲೇ ರೋಗವನ್ನು ತಿಳಿಸುವ ಒಂದು ಅಗ್ಗದ ಕಾಗದದ ಪಟ್ಟಿಯನ್ನು ಮಾಡಬೇಕೆಂಬುದು ಈ ಹುಡುಗಿಯ ಹಂಬಲ. ಹಾಲಿಗೆ ಅದ್ದಿದರೆ ಪಟ್ಟಿಯ ಬಣ್ಣ ತಿರುಗಬೇಕು. ಹಳ್ಳಿಯ ಹೆಂಗಸು ಕೊಟ್ಟಿಗೆಯಲ್ಲಿ ಕುಳಿತೇ ಅದನ್ನು ಓದಿಕೊಳ್ಳಬೇಕು. ಪ್ರಯೋಗಾಲಯದಲ್ಲಿ ಪಟ್ಟಿ ಚೆನ್ನಾಗಿಯೇ ನಡೆಯಿತು. ಸರ್ಕಾರದ ಒಂದು ಯೋಜನೆಯಿಂದ ಅನುದಾನವೂ ದೊರೆಯಿತು.

ಆ ಸಂದರ್ಭದಲ್ಲಿ ಪಟ್ಟಿಯ ಜೊತೆಗಿಡುವ ಬಳಕೆಯ ಸೂಚನೆಯನ್ನು ಕನ್ನಡದಲ್ಲಿ ಬರೆದುಕೊಡಬೇಕೆಂದು ಅವಳು ನನ್ನನ್ನು ಕೇಳಿದ್ದಳು. ನಾನು ನನ್ನ ವಿದ್ವತ್ತಿಗೆ ತಕ್ಕಂತೆ, “ಪಟ್ಟಿಕೆಯನ್ನು ಕ್ಷೀರದಲ್ಲಿ ನಿಮಜ್ಜನಗೊಳಿಸಿ ವರ್ಣವ್ಯತ್ಯಾಸವನ್ನು ಅವಲೋಕಿಸತಕ್ಕದ್ದು” ಎಂದು ಬರೆದೆ. ಅದನ್ನು ಓದಿಸಿಕೊಂಡು ಕೇಳಿದ ಅವಳ ತಾಯಿ, “ಇದೇನು ಮೇಷ್ಟ್ರೇ, ಪೂಜೆಗೆ ಸಂಕಲ್ಪ ಹೇಳಿದ ಹಾಗಿದೆಯಲ್ಲ!” ಎಂದು ನಕ್ಕುಬಿಟ್ಟರು. ಎರಡನೆಯ ಸಲ ಹೀಗೆ ಬರೆದೆ: “ಮೊದಲ ನಾಲ್ಕು ಧಾರೆ ಚೆಲ್ಲಿ. ಆಮೇಲಿನ ಹಾಲಿನಲ್ಲಿ ಪಟ್ಟಿ ಅದ್ದಿ. ಮೂವತ್ತು ಎಣಿಸಿ. ಬಣ್ಣ ನೋಡಿ.” ನನ್ನ ಬರವಣಿಗೆಯ ಜೀವನದಲ್ಲಿ ಇಷ್ಟು ಉಪಯುಕ್ತವಾದ ಗದ್ಯವನ್ನು ನಾನು ಬರೆದಿರಲಿಲ್ಲ ಎಂದೇ ಅಂದುಕೊಂಡೆ.

ಆದರೆ ಆ ಗದ್ಯ ಅಚ್ಚಾಗಲಿಲ್ಲ. ಪಟ್ಟಿಗಳನ್ನು ಮಲೆನಾಡಿನ ಕೆಲವು ಕೊಟ್ಟಿಗೆಗಳಲ್ಲಿ ಪರೀಕ್ಷೆಗೆ ಇಟ್ಟಾಗ ಆಷಾಢದ ಥಂಡಿಗೆ ಅವು ತಾವಾಗಿಯೇ ತೇವವನ್ನೆಳೆದುಕೊಂಡು, ಆರೋಗ್ಯವಾಗಿರುವ ಹಸುವಿನ ಹಾಲಿಗೂ ಬಣ್ಣ ತಿರುಗಿಸತೊಡಗಿದವು. ತೇವ ತಾಗದಂತೆ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಮುಚ್ಚಿಟ್ಟರೆ ಬೆಲೆ ಏರಿ, ಹಳ್ಳಿಯವರ ಕೈಗೆ ಎಟುಕದಂತಾಯಿತು. ಅವಧಿ ಮುಗಿಯಿತು, ಹಣವೂ ಮುಗಿಯಿತು. ಅವಳು ಲೆಕ್ಕಪತ್ರ ಒಪ್ಪಿಸಿ, ಬಾಗಿಲು ಹಾಕಿ, ಬೇರೊಂದು ಸಂಸ್ಥೆಯಲ್ಲಿ ಉದ್ಯೋಗಕ್ಕೆ ಸೇರಿಕೊಂಡಳು. ಅವಳ ಪ್ರಶ್ನೆ ಹುಟ್ಟಿದ್ದು ಇಲ್ಲಿ.

ಇದಕ್ಕೆ ಉತ್ತರ ಹುಡುಕಬೇಕಾದರೆ, ಸರ್ಕಾರ ಇಂಥ ಕೆಲಸಕ್ಕೆ ಹಣವನ್ನು ಏಕೆ ಕೊಡುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಬತ್ತ ಬೆಳೆಯುವ ನಾಡಿನವರಾದ ನಮಗೆ ಒಂದು ಸಂಗತಿ ಗೊತ್ತಿದೆ. ಸಸಿಮಡಿಯಲ್ಲಿ ಒತ್ತಾಗಿ, ಹಸಿರಾಗಿ ಬೆಳೆದ ಸಸಿಯನ್ನು ಕಿತ್ತು ಗದ್ದೆಗೆ ನಾಟಿಮಾಡಿದ ಮೇಲೆ ನಾಲ್ಕಾರು ದಿನ ಅದು ಬಾಡುತ್ತದೆ. ಬೇರಿಗೆ ಹಳೆಯ ಮಣ್ಣಿನ ಆಸರೆ ತಪ್ಪಿದೆ, ಹೊಸ ಮಣ್ಣಿನ ಹಿಡಿತ ಇನ್ನೂ ಸಿಕ್ಕಿಲ್ಲ. ಆ ನಾಲ್ಕಾರು ದಿನ ಗದ್ದೆಯಲ್ಲಿ ನೀರು ಹದವಾಗಿ ನಿಲ್ಲಬೇಕು. ಇಲ್ಲವಾದರೆ ಬೀಜ ಎಷ್ಟೇ ಉತ್ತಮವಾಗಿದ್ದರೂ ಬೆಳೆ ಕೈಗೆ ಬಾರದು. ವಿಜ್ಞಾನದ ಶೋಧವೊಂದು ಪ್ರಯೋಗಾಲಯದಿಂದ ಹೊರಟು ಜನರ ಬಳಕೆಗೆ ಬರುವ ನಡುವೆಯೂ ಇಂಥದೊಂದು ಬಾಡುವ ಕಾಲವಿದೆ. ವಿಶ್ವವಿದ್ಯಾನಿಲಯದ ಕರ್ತವ್ಯ ಪ್ರಬಂಧ ಪ್ರಕಟವಾಗುವುದರೊಂದಿಗೆ ಮುಗಿದುಹೋಗುತ್ತದೆ. ಬ್ಯಾಂಕಿನವರು ಜಾಮೀನು ಕೇಳುತ್ತಾರೆ. ಬಂಡವಾಳಗಾರರು, “ಮಾರಾಟ ಎಷ್ಟಾಗಿದೆ?” ಎನ್ನುತ್ತಾರೆ. ಜೇಬಿನಲ್ಲಿ ಶೋಧವನ್ನಿಟ್ಟುಕೊಂಡವನ ಬಳಿ ಜಾಮೀನೂ ಇಲ್ಲ, ಮಾರಾಟವೂ ಇಲ್ಲ.

ಇತರ ಉದ್ದಿಮೆಗಳಿಗಿಂತ ಜೀವವಿಜ್ಞಾನದಲ್ಲಿ ಈ ಕಾಲ ಬಹಳ ದೀರ್ಘವಾದುದು. ಒಂದು ಔಷಧವನ್ನು ಜೀವಕೋಶಗಳ ಮೇಲೆ, ಆಮೇಲೆ ಪ್ರಾಣಿಗಳ ಮೇಲೆ, ಅನಂತರ ಹಂತಹಂತವಾಗಿ ಮನುಷ್ಯರ ಮೇಲೆ ಪರೀಕ್ಷಿಸಬೇಕು. ನೈತಿಕ ಸಮಿತಿಯ ಒಪ್ಪಿಗೆ ಬೇಕು, ಔಷಧ ನಿಯಂತ್ರಕರ ಪರವಾನಗಿ ಬೇಕು. ವೈದ್ಯಕೀಯ ಉಪಕರಣಗಳಿಗೂ ನಮ್ಮಲ್ಲಿ 2017ರಲ್ಲಿ ಪ್ರತ್ಯೇಕ ನಿಯಮಾವಳಿ ಬಂದು, 2018ರ ಜನವರಿಯಿಂದ ಜಾರಿಯಾಯಿತು. ಇವೆಲ್ಲ ಇರಬೇಕಾದುವೇ, ಮನುಷ್ಯನ ಮೈಯೊಳಗೆ ಹೋಗುವ ವಸ್ತುವಿನ ವಿಷಯದಲ್ಲಿ ಅವಸರ ಸಲ್ಲದು. ಆದರೆ ಈ ಪರೀಕ್ಷೆಗಳು ನಡೆಯುತ್ತಿರುವಷ್ಟು ವರ್ಷವೂ ಉದ್ದಿಮೆಗೆ ಒಂದು ರೂಪಾಯಿಯ ಸಂಪಾದನೆಯಿರುವುದಿಲ್ಲ. 1978ರಲ್ಲಿ ಕಿರಣ್ ಮಜುಂದಾರ್ ಅವರು ಬೆಂಗಳೂರಿನ ಬಾಡಿಗೆ ಮನೆಯೊಂದರ ಕಾರುಶೆಡ್ಡಿನಲ್ಲಿ ಹತ್ತು ಸಾವಿರ ರೂಪಾಯಿಗಳ ಬಂಡವಾಳದಿಂದ ಬಯೋಕಾನ್ ಸಂಸ್ಥೆಯನ್ನು ಆರಂಭಿಸಿದಾಗ, ಪರಂಗಿಹಣ್ಣಿನಿಂದ ಕಿಣ್ವ ತೆಗೆಯುವ ಈ ಹೊಸ ಬಗೆಯ ಕಸುಬಿಗೆ ಸಾಲ ಕೊಡಲು ಬ್ಯಾಂಕುಗಳು ಹಿಂದೆಮುಂದೆ ನೋಡಿದ ಕಥೆ ಪ್ರಸಿದ್ಧವಾಗಿದೆ. ಅವರು ಗೆದ್ದರು. ಹಾಗೆ ಗೆಲ್ಲಲಾಗದೆ ಹೋದವರ ಹೆಸರುಗಳು ನಮಗೆ ತಿಳಿದಿಲ್ಲ.

ಪ್ರಯೋಗಾಲಯದ ವಿದ್ಯೆಯನ್ನು ಅಂಗಡಿಗೆ ತಲುಪಿಸುವ ಹೊಣೆಯನ್ನು ಪ್ರಭುತ್ವ ಹೊರಬೇಕೆಂಬುದು ನಮ್ಮ ನಾಡಿಗೆ ಹೊಸ ವಿಚಾರವೇನೂ ಅಲ್ಲ. ಮೈಸೂರು ಸಂಸ್ಥಾನದ ಶ್ರೀಗಂಧ ಮೊದಲು ಎಣ್ಣೆ ತೆಗೆಯುವುದಕ್ಕಾಗಿ ಯೂರೋಪಿಗೆ ಹೋಗುತ್ತಿತ್ತು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಆ ಹಾದಿ ಮುಚ್ಚಿತು. ಮರ ಇಲ್ಲೇ ರಾಶಿ ಬಿದ್ದಿತು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು ಗಂಧದೆಣ್ಣೆಯನ್ನು ಇಲ್ಲಿಯೇ ಬಟ್ಟಿ ಇಳಿಸುವ ಪ್ರಯೋಗಗಳನ್ನು ನಡೆಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಸ್ಥಾಪನೆಯಾಯಿತು. ಸಾಬೂನು ತಯಾರಿಕೆಯನ್ನು ಕಲಿತುಬರಲು ಎಸ್.ಜಿ. ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. 1918ರಲ್ಲಿ ಮೈಸೂರು ಸ್ಯಾಂಡಲ್ ಸಾಬೂನು ಜನರ ಕೈಗೆ ಬಂತು. ಇಂದಿಗೂ ನಮ್ಮ ಸ್ನಾನದ ಮನೆಯಲ್ಲಿರುವ ಆ ಪರಿಮಳ, ಪ್ರಯೋಗಾಲಯದಿಂದ ಸಂತೆಗೆ ಬಂದ ಶೋಧವೊಂದರ ಪರಿಮಳವೆಂಬುದನ್ನು ನಾವು ನೆನೆಯುವುದೇ ಇಲ್ಲ.

ಅಲ್ಲಿ ಪ್ರಭುತ್ವವೇ ಕಾರ್ಖಾನೆಯ ಒಡೆಯನಾಯಿತು. ಇನ್ನೊಂದು ದಾರಿಯೂ ಉಂಟು. ಒಡೆತನವನ್ನು ಸಂಶೋಧಕನಿಗೇ ಬಿಟ್ಟು, ಅವನ ಬಾಡುವ ಕಾಲಕ್ಕೆ ನೀರು ಹಾಯಿಸುವುದು. ಈ ದಾರಿಯನ್ನು ವ್ಯವಸ್ಥಿತವಾಗಿ ರೂಪಿಸಿದ ದೇಶ ಅಮೆರಿಕ. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಅಧಿಕಾರಿ ರೋಲಂಡ್ ಟಿಬೆಟ್ಸ್ ಎಂಬವರು 1977ರಲ್ಲಿ ಇದನ್ನು ಸಣ್ಣ ಪ್ರಮಾಣದಲ್ಲಿ ಪ್ರಯೋಗಿಸಿ ನೋಡಿದರು. ಅದು ಫಲಿಸಿತೆಂದು ಕಂಡಮೇಲೆ 1982ರ ಜುಲೈಯಲ್ಲಿ ಅಧ್ಯಕ್ಷ ರೇಗನ್ನರ ಸಹಿಯೊಂದಿಗೆ ಅದು ಕಾನೂನಾಯಿತು. ಹೊರಗಿನವರಿಂದ ಸಂಶೋಧನೆ ಮಾಡಿಸಲು ವರ್ಷಕ್ಕೆ ಹತ್ತು ಕೋಟಿ ಡಾಲರಿಗಿಂತ ಹೆಚ್ಚು ವೆಚ್ಚಮಾಡುವ ಪ್ರತಿಯೊಂದು ಕೇಂದ್ರ ಇಲಾಖೆಯೂ ಆ ಮೊತ್ತದ ಒಂದು ಪಾಲನ್ನು ಸಣ್ಣ ಉದ್ದಿಮೆಗಳಿಗಾಗಿ ಕಡ್ಡಾಯವಾಗಿ ಎತ್ತಿಡಬೇಕು ಎಂಬುದು ಅದರ ತಿರುಳು. ನೂರಕ್ಕೆ 0.2ರಷ್ಟು ಅಲ್ಪ ಭಾಗದಿಂದ ಆರಂಭವಾದ ಈ ಪಾಲು 2017ರ ವೇಳೆಗೆ 3.2ಕ್ಕೆ ಏರಿತು. ಐನೂರು ಮಂದಿಯವರೆಗೆ ಕೆಲಸಗಾರರುಳ್ಳ ಸಂಸ್ಥೆ ಅಲ್ಲಿನ ಎಣಿಕೆಯಲ್ಲಿ ಸಣ್ಣದು. ನಮ್ಮ ಕಣ್ಣಿಗೆ ಅದು ದೊಡ್ಡ ಗಿರಣಿಯೇ ಸರಿ.

ಈ ಯೋಜನೆಯಲ್ಲಿ ನನ್ನ ಮೆಚ್ಚುಗೆಗೆ ಪಾತ್ರವಾದುದು ಅದರ ಮೂರು ಹಂತಗಳ ವ್ಯವಸ್ಥೆ. ಮೊದಲನೆಯ ಹಂತದಲ್ಲಿ, ಈ ಯೋಚನೆ ಸಾಧ್ಯವೋ ಅಲ್ಲವೋ ಎಂದು ನೋಡುವಷ್ಟಕ್ಕೆ ಮಾತ್ರ ಚಿಕ್ಕ ಮೊತ್ತ. ಸಾಧ್ಯವೆಂದು ತೋರಿಸಿದವರಿಗೆ ಎರಡನೆಯ ಹಂತದಲ್ಲಿ, ಅದನ್ನು ಬೆಳೆಸಲು ದೊಡ್ಡ ಮೊತ್ತ. ಮೂರನೆಯದು ಮಾರುಕಟ್ಟೆಯ ಹಂತ. ಅದಕ್ಕೆ ಈ ನಿಧಿಯಿಂದ ಹಣವಿಲ್ಲ, ಉದ್ದಿಮೆಯೇ ತನ್ನ ದಾರಿ ನೋಡಿಕೊಳ್ಳಬೇಕು. ಮೊದಲ ಹಂತದಲ್ಲಿ ಅನೇಕರು ಸೋಲುತ್ತಾರೆಂಬುದನ್ನು ಕಾನೂನು ಮೊದಲೇ ಒಪ್ಪಿಕೊಂಡಿದೆ. ಅದಕ್ಕಾಗಿಯೇ ಅಲ್ಲಿ ಮೊತ್ತ ಚಿಕ್ಕದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಮೂಲಕ ಈ ನೆರವು ಜೀವವಿಜ್ಞಾನಕ್ಕೆ ಹರಿದುಬಂದಿತು. ವಂಶವಾಹಿಗಳನ್ನು ಓದುವ ಯಂತ್ರಗಳಿಂದ ಇಂದು ಲೋಕಪ್ರಸಿದ್ಧವಾಗಿರುವ ಇಲ್ಯುಮಿನಾ ಸಂಸ್ಥೆ ಎಳವೆಯಲ್ಲಿ ಈ ನೀರನ್ನು ಕುಡಿದುದೇ. ಸೋನಿಕೇರ್ ಎಂಬ ವಿದ್ಯುತ್ ಹಲ್ಲುಜ್ಜುವ ಬ್ರಷ್ಷಿನ ಹಿಂದೆಯೂ ಇದೇ ನೆರವಿತ್ತು.

ಇನ್ನು ನಮ್ಮ ದೇಶಕ್ಕೆ ಬರೋಣ. ಕೇಂದ್ರ ಸರ್ಕಾರದಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆ ಸ್ಥಾಪನೆಯಾದದ್ದು 1986ರಲ್ಲಿ. ಮೊದಲ ಎರಡು ದಶಕಗಳ ಕಾಲ ಅದರ ಗಮನ ಹೆಚ್ಚಾಗಿ ವಿಶ್ವವಿದ್ಯಾನಿಲಯಗಳ, ಸಂಶೋಧನಾಲಯಗಳ ಕಡೆಗಿತ್ತು. ಸಸಿಮಡಿಗಳನ್ನು ಹಸನುಗೊಳಿಸಿದ ಕಾಲ ಅದು ಎನ್ನಬಹುದು. 2004ರಿಂದ 2012ರವರೆಗೆ ಆ ಇಲಾಖೆಯ ಕಾರ್ಯದರ್ಶಿಯಾಗಿದ್ದವರು ಮಹಾರಾಜ ಕಿಶನ್ ಭಾನ್ ಎಂಬ ಮಕ್ಕಳ ವೈದ್ಯರು. ನಾಟಿಯ ಕಡೆಗೆ ದೃಷ್ಟಿ ಹೊರಳಿದ್ದು ಅವರ ಕಾಲದಲ್ಲಿ. 2005ರಲ್ಲಿ ಸಣ್ಣ ಉದ್ದಿಮೆಗಳ ಸಂಶೋಧನೆಗೆ ನೆರವಾಗುವ ಎಸ್.ಬಿ.ಐ.ಆರ್.ಐ. ಎಂಬ ಯೋಜನೆ, 2008ರಲ್ಲಿ ಉದ್ದಿಮೆಯೊಡನೆ ಸರ್ಕಾರ ವೆಚ್ಚವನ್ನು ಹಂಚಿಕೊಳ್ಳುವ ಮತ್ತೊಂದು ಯೋಜನೆ ಬಂದವು. 2012ರಲ್ಲಿ ಇಂಥ ಕೆಲಸಗಳಿಗಾಗಿಯೇ ಲಾಭದ ಉದ್ದೇಶವಿಲ್ಲದ ಸರ್ಕಾರಿ ಸಂಸ್ಥೆಯೊಂದು ಸ್ಥಾಪಿತವಾಯಿತು. ಬಯೋಟೆಕ್ನಾಲಜಿ ಇಂಡಸ್ಟ್ರಿ ರಿಸರ್ಚ್ ಅಸಿಸ್ಟೆನ್ಸ್ ಕೌನ್ಸಿಲ್ ಎಂಬ ಅದರ ಉದ್ದ ಹೆಸರನ್ನು ಎಲ್ಲರೂ ಮೊಟಕುಗೊಳಿಸಿ ಬೈರಾಕ್ ಎನ್ನುತ್ತಾರೆ.

ಬೈರಾಕ್‌ನ ಯೋಜನೆಗಳಲ್ಲಿ ಹೆಚ್ಚು ಪರಿಚಿತವಾದುದು ಬಯೋಟೆಕ್ನಾಲಜಿ ಇಗ್ನಿಷನ್ ಗ್ರಾಂಟ್. ಒಲೆಗೆ ಮೊದಲ ಕಿಡಿ ತಾಗಿಸುವ ಅನುದಾನ ಎಂಬುದು ಆ ಹೆಸರಿನ ಭಾವ. ಹದಿನೆಂಟು ತಿಂಗಳ ಅವಧಿಗೆ 50 ಲಕ್ಷ ರೂಪಾಯಿಗಳವರೆಗೆ ದೊರೆಯುವ ಈ ಹಣವನ್ನು ಹಿಂತಿರುಗಿಸಬೇಕಾಗಿಲ್ಲ. ಅದಕ್ಕೆ ಪ್ರತಿಯಾಗಿ ಸರ್ಕಾರ ಉದ್ದಿಮೆಯಲ್ಲಿ ಪಾಲನ್ನೂ ಕೇಳುವುದಿಲ್ಲ. ಅರ್ಜಿಯನ್ನು ತಜ್ಞರು ಪರಿಶೀಲಿಸಿ, ಅರ್ಜಿದಾರರನ್ನು ಎದುರು ಕೂರಿಸಿ ಪ್ರಶ್ನಿಸುತ್ತಾರೆ. ಹಣ ಒಮ್ಮೆಗೇ ಕೈಗೆ ಬರುವುದಿಲ್ಲ; ಗೊತ್ತುಪಡಿಸಿದ ಕೆಲಸ ಮುಗಿದಂತೆ ಕಂತುಕಂತಾಗಿ ಬರುತ್ತದೆ. ಬರಿಯ ಹಣವಿದ್ದರೆ ಸಾಲದು, ಆಶ್ರಯವೂ ಬೇಕು. ಒಂದೊಂದು ಉಪಕರಣಕ್ಕೆ ಕೋಟಿಗಟ್ಟಲೆ ಬೆಲೆಯಿರುವಾಗ ಇಬ್ಬರು ಮೂವರು ಯುವಕರ ಉದ್ದಿಮೆ ಅದನ್ನು ಕೊಳ್ಳುವುದು ಹೇಗೆ? ಇದಕ್ಕಾಗಿ ಹಲವು ಊರುಗಳಲ್ಲಿ ಪೋಷಣಾ ಕೇಂದ್ರಗಳಿವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಜಿ.ಕೆ.ವಿ.ಕೆ. ಆವರಣದಲ್ಲಿ 2009ರಲ್ಲಿ ಆರಂಭವಾದ ಸಿ-ಕ್ಯಾಂಪ್ ಅಂಥದೊಂದು. ದುಬಾರಿ ಯಂತ್ರಗಳನ್ನು ಅನೇಕರು ಹಂಚಿಕೊಂಡು ಬಳಸುವ ವ್ಯವಸ್ಥೆ ಅಲ್ಲಿದೆ. ಊರಿಗೊಂದೇ ಆಲೆಮನೆಯಿದ್ದು ಎಲ್ಲರೂ ಸರದಿಯ ಮೇಲೆ ಕಬ್ಬು ಅರೆಯುತ್ತಿದ್ದ ಹಾಗೆ.

ಕರ್ನಾಟಕವೂ ಹಿಂದೆ ಬಿದ್ದಿಲ್ಲ. 2001ರಲ್ಲಿಯೇ ನಮ್ಮ ರಾಜ್ಯ ಜೈವಿಕ ತಂತ್ರಜ್ಞಾನಕ್ಕೆ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. ಎಲೆಕ್ಟ್ರಾನಿಕ್ ಸಿಟಿಯ ಬೆಂಗಳೂರು ಬಯೋಇನ್ನೋವೇಷನ್ ಸೆಂಟರ್ ರಾಜ್ಯ ಮತ್ತು ಕೇಂದ್ರಗಳು ಕೂಡಿ ನಡೆಸಿದ ಪ್ರಯತ್ನ. 2017ರಲ್ಲಿ ಆರಂಭವಾದ ಎಲಿವೇಟ್ ಕಾರ್ಯಕ್ರಮದಲ್ಲಿ ಇತರ ನವೋದ್ಯಮಗಳೊಡನೆ ಜೀವವಿಜ್ಞಾನದ ಉದ್ದಿಮೆಗಳಿಗೂ ರಾಜ್ಯ ಸರ್ಕಾರ ಅನುದಾನ ನೀಡುತ್ತ ಬಂದಿದೆ. ಸಸಿ ಬೇರೂರಿದ ಮುಂದಿನ ಹಂತಕ್ಕಾಗಿ ಕೇಂದ್ರ ಸಚಿವ ಸಂಪುಟ 2025ರ ಜುಲೈಯಲ್ಲಿ ಒಂದು ಲಕ್ಷ ಕೋಟಿ ರೂಪಾಯಿಗಳ ಸಂಶೋಧನೆ ಮತ್ತು ನಾವೀನ್ಯ ನಿಧಿಯೊಂದಕ್ಕೆ ಒಪ್ಪಿಗೆ ಕೊಟ್ಟಿತು. ಅದು ಮುಖ್ಯವಾಗಿ ಬಡ್ಡಿಯಿಲ್ಲದ ಅಥವಾ ಕಡಮೆ ಬಡ್ಡಿಯ ದೀರ್ಘಾವಧಿ ಸಾಲದ ರೂಪದ್ದು. ಜೀವವಿಜ್ಞಾನಕ್ಕೆ ಮಾತ್ರ ಸೀಮಿತವಾದುದಲ್ಲ.

ಇಷ್ಟೆಲ್ಲ ನೀರು ಹಾಯಿಸಿದ ಮೇಲೆ ಬೆಳೆ ಏನಾಯಿತು ಎಂದು ನೀವು ಕೇಳಬಹುದು. ಒಂದೆರಡು ನಿದರ್ಶನಗಳನ್ನು ಕೊಡುತ್ತೇನೆ. ತಿಂಗಳು ತುಂಬದೆ ಹುಟ್ಟಿದ ಕೂಸಿನ ಶ್ವಾಸಕೋಶದಲ್ಲಿ ಗಾಳಿಯ ಪುಟ್ಟ ಗೂಡುಗಳು ಪ್ರತಿ ಉಸಿರು ಬಿಟ್ಟಾಗಲೂ ಕುಸಿದು ಅಂಟಿಕೊಳ್ಳುತ್ತವೆ. ಸಣ್ಣ ಒತ್ತಡದಲ್ಲಿ ಎಡೆಬಿಡದೆ ಗಾಳಿ ಊದುತ್ತಿದ್ದರೆ ಅವು ತೆರೆದಿರುತ್ತವೆ, ಕೂಸು ಉಳಿಯುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆ ಯಂತ್ರಗಳಿವೆ. ಆದರೆ ತಾಲ್ಲೂಕು ಊರಿನಿಂದ ಜಿಲ್ಲಾ ಆಸ್ಪತ್ರೆಗೆ ಸಾಗಿಸುವ ದಾರಿಯಲ್ಲಿ? 1984ರಲ್ಲಿ ನನ್ನ ಸ್ವಂತ ತಂಗಿಯ ಚೊಚ್ಚಲ ಮಗುವನ್ನು ಹತ್ತಿಯಲ್ಲಿ ಸುತ್ತಿ ಬಾಡಿಗೆ ಕಾರಿನಲ್ಲಿ ಹಾಗೆ ಸಾಗಿಸುವಾಗ ನಾನು ಜೊತೆಯಲ್ಲಿದ್ದೆ. ಊರು ಸೇರುವ ಮೊದಲೇ ಆ ಉಸಿರು ನಿಂತಿತು. ಹೀಗಾಗಿ ಬೆಂಗಳೂರಿನ ಕೋಯಿಯೋ ಲ್ಯಾಬ್ಸ್ ಎಂಬ ಸಣ್ಣ ಸಂಸ್ಥೆಯ ಯುವಕರು ಬೈರಾಕ್‌ನ ನೆರವನ್ನೂ ಪಡೆದು, ದಾರಿಯಲ್ಲಿಯೂ ಕೆಲಸ ಮಾಡುವ, ವಿದ್ಯುತ್ತಿಲ್ಲದಿದ್ದರೆ ಕೈಯಿಂದಲೇ ನಡೆಸಬಹುದಾದ ‘ಸಾಂಸ್’ ಎಂಬ ಉಪಕರಣವನ್ನು ರೂಪಿಸಿದ್ದಾರೆಂದು ಓದಿದಾಗ, ಆ ಸುದ್ದಿಯನ್ನು ನಾನು ಬರಿಯ ಸುದ್ದಿಯಾಗಿ ಓದಲಾರದೆ ಹೋದೆ. ಸಾಂಸ್ ಎಂದರೆ ಹಿಂದಿಯಲ್ಲಿ ಉಸಿರು.

ಎರಡನೆಯ ನಿದರ್ಶನ ರೋಟಾ ವೈರಸ್ಸಿನ ಲಸಿಕೆ. ಎಳೆಯ ಮಕ್ಕಳನ್ನು ತೀವ್ರ ಭೇದಿಯಿಂದ ಕೊಲ್ಲುವ ವೈರಸ್ ಇದು. ಮೇಲೆ ಹೇಳಿದ ಡಾ. ಭಾನ್ ಅವರೇ 1980ರ ದಶಕದ ನಡುವಿನಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ, ಈ ಸೋಂಕು ತಗಲಿಯೂ ಭೇದಿಯಾಗದ ನವಜಾತ ಶಿಶುಗಳನ್ನು ಗಮನಿಸಿದರು. ಆ ಶಿಶುಗಳಲ್ಲಿದ್ದ ಸೌಮ್ಯವಾದ ವೈರಸ್ ತಳಿಯೇ ಲಸಿಕೆಯ ಬೀಜವಾಯಿತು. 1996ರಲ್ಲಿ ಆರಂಭವಾಗಿ ಆಗಿನ್ನೂ ಚಿಕ್ಕದಾಗಿದ್ದ ಹೈದರಾಬಾದಿನ ಭಾರತ್ ಬಯೋಟೆಕ್ ಸಂಸ್ಥೆ ಅದನ್ನು ಬೆಳೆಸಲು ಮುಂದೆ ಬಂತು. ಜೈವಿಕ ತಂತ್ರಜ್ಞಾನ ಇಲಾಖೆಯೂ ಹೊರದೇಶಗಳ ಸಂಸ್ಥೆಗಳೂ ಕೈಗೂಡಿಸಿದವು. ದೆಹಲಿ, ಪುಣೆ, ವೆಲ್ಲೂರುಗಳಲ್ಲಿ 6,799 ಶಿಶುಗಳ ಮೇಲೆ ಪರೀಕ್ಷೆ ನಡೆದು, 2015ರ ಮಾರ್ಚಿಯಲ್ಲಿ ಲಸಿಕೆ ಬಿಡುಗಡೆಯಾಯಿತು. 2016ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಸೇರಿತು. ಶಿಶುವಿನ ಮಲದಲ್ಲಿ ವೈರಸ್ ಕಂಡ ದಿನದಿಂದ ಲಸಿಕೆಯ ಹನಿ ಮತ್ತೊಂದು ಶಿಶುವಿನ ನಾಲಗೆಗೆ ಬೀಳುವವರೆಗೆ ಸುಮಾರು ಮೂವತ್ತು ವರ್ಷ! ಯಾವ ವ್ಯಾಪಾರಿ ತಾನೆ ಇಷ್ಟು ಕಾಲ ಒಬ್ಬನೇ ಕಾಯುತ್ತಿದ್ದ?

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಸಾರ್ವಜನಿಕ ಕಾರ್ಯಕ್ರಮಕ್ಕೆ ಈ ಲಸಿಕೆಯ ಒಂದು ಸರದಿಯನ್ನು ಒಂದು ಡಾಲರಿನ ಬೆಲೆಗೆ ಕೊಡುವುದಾಗಿ ಉದ್ದಿಮೆ ಮಾತುಕೊಟ್ಟಿತ್ತು. ಸಾರ್ವಜನಿಕರ ಹಣವನ್ನು ಖಾಸಗಿಯವರಿಗೆ ಕೊಡುವುದೇಕೆ ಎಂಬ ಆಕ್ಷೇಪಕ್ಕೆ ಇದಕ್ಕಿಂತ ಒಳ್ಳೆಯ ಸಮಾಧಾನವಿಲ್ಲ. ಆ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವವನಲ್ಲ. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಸಂಸ್ಥೆಯನ್ನು ನೆನೆಯಿರಿ. ಸರ್ಕಾರಿ ಸಂಶೋಧನಾಲಯದಲ್ಲಿ ನೆಲೆ ಪಡೆದು, ಸರ್ಕಾರದ ತಂತ್ರಜ್ಞಾನ ಅಭಿವೃದ್ಧಿ ಮಂಡಳಿಯ ಸಾಲದ ನೆರವನ್ನೂ ಪಡೆದು, ಅದು 1997ರಲ್ಲಿ ಹೆಪಟೈಟಿಸ್ ಬಿ ಲಸಿಕೆಯನ್ನು ಹೊರತಂದಿತು. ಶ್ರೀಮಂತರಿಗೆ ಮಾತ್ರ ಎಟುಕುತ್ತಿದ್ದ ಲಸಿಕೆ ಸಾಮಾನ್ಯರ ಕೈಗೆ ಬಂತು. 2009ರಲ್ಲಿ ಆ ಸಂಸ್ಥೆ ಫ್ರಾನ್ಸಿನ ಸನೋಫಿ ಕಂಪೆನಿಯ ವಶವಾಯಿತು. ಇದು ನಷ್ಟವೋ ಲಾಭವೋ? ಅಗ್ಗದ ಲಸಿಕೆ ಪಡೆದ ಮಕ್ಕಳ ಕಡೆಯಿಂದ ನೋಡಿದರೆ ಲಾಭ. ಒಡೆತನದ ಕಡೆಯಿಂದ ನೋಡಿದರೆ ಮನಸ್ಸು ಕಸಿವಿಸಿಗೊಳ್ಳುತ್ತದೆ. ಬೇಲಿಯಿಲ್ಲದ ತೋಟಕ್ಕೆ ನೀರೆರೆದವನ ಕಸಿವಿಸಿ ಅದು. ಆದ್ದರಿಂದ ಗೆದ್ದವರಿಂದ ಸಮಾಜ ಒಂದನ್ನು ಕೇಳಬಹುದೆಂದು ನನಗೆ ತೋರುತ್ತದೆ. ಕೊಟ್ಟ ಹಣ ಹಿಂದಕ್ಕೆ ಬಾರದಿದ್ದರೂ ಚಿಂತೆಯಿಲ್ಲ. ಆ ಹಣದಿಂದ ಹುಟ್ಟಿದ ವಸ್ತು ನಮ್ಮ ಸರ್ಕಾರಿ ಆಸ್ಪತ್ರೆಗೆ, ನಮ್ಮ ಕೊಟ್ಟಿಗೆಗೆ ಎಟುಕುವ ಬೆಲೆಯಲ್ಲಿ ಬರಬೇಕು.

ಸರ್ಕಾರವೂ ತನ್ನ ಕಡೆಯ ಒಂದು ಕರ್ತವ್ಯವನ್ನು ಪಾಲಿಸಬೇಕು. ಬಲಗೈಯಿಂದ ಅನುದಾನ ಕೊಟ್ಟು ಬೆಳೆಸಿದ ವಸ್ತುವನ್ನು ಎಡಗೈ ಕೊಳ್ಳದಿದ್ದರೆ ಏನು ಬಂತು? ಟೆಂಡರುಗಳಲ್ಲಿ, “ಇಷ್ಟು ವರ್ಷ ಮಾರಿದ ಅನುಭವವಿರಬೇಕು, ಇಷ್ಟು ಕೋಟಿಯ ವಹಿವಾಟಿರಬೇಕು” ಎಂದು ಕೇಳಿದರೆ ನಿನ್ನೆ ಹುಟ್ಟಿದ ಉದ್ದಿಮೆ ಎಲ್ಲಿಗೆ ಹೋಗಬೇಕು? 2016ರಲ್ಲಿ ನವೋದ್ಯಮಗಳ ಕಾರ್ಯಕ್ರಮ ಆರಂಭವಾದ ಮೇಲೆ ಕೇಂದ್ರ ಸರ್ಕಾರ ಇಂಥ ಷರತ್ತುಗಳನ್ನು ಸಡಿಲಿಸಲು ಅವಕಾಶ ಕಲ್ಪಿಸಿದೆ. ಅವಕಾಶ ಕಾಗದದಲ್ಲಿದ್ದರೆ ಸಾಲದು, ಕೊಳ್ಳುವ ಅಧಿಕಾರಿಗೆ ಅದನ್ನು ಬಳಸುವ ಧೈರ್ಯವೂ ಬೇಕು.

ಈಗ ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಹಿಂತಿರುಗುತ್ತೇನೆ. ಗೆದ್ದವರಿಂದ ಸಮಾಜ ನ್ಯಾಯವಾದ ಬೆಲೆಯನ್ನು ಕೇಳಬಹುದಾದರೆ, ಸೋತವರಿಂದ ಏನನ್ನು ಕೇಳಬೇಕು? ಹಣವನ್ನು ಕೇಳುವಂತಿಲ್ಲ. ಸೋಲು ಸಂಭವವೆಂದು ತಿಳಿದೇ ಅದನ್ನು ಕೊಟ್ಟಿದ್ದೇವೆ. ಗೆಲುವು ಖಚಿತವಾಗಿದ್ದರೆ ಬ್ಯಾಂಕೇ ಕೊಡುತ್ತಿತ್ತು, ಸರ್ಕಾರ ಬೇಕಾಗಿರಲಿಲ್ಲ. ಪಶ್ಚಾತ್ತಾಪವನ್ನೂ ಕೇಳುವಂತಿಲ್ಲ, ಪ್ರಾಮಾಣಿಕವಾಗಿ ದುಡಿದವರಿಗೆ ಅದರ ಅಗತ್ಯವಿಲ್ಲ. ಸೋಲಿನ ವೃತ್ತಾಂತವನ್ನು ಮಾತ್ರ ಕೇಳಬಹುದು, ಕೇಳಲೇಬೇಕು. ಯಾವ ತೇವದಲ್ಲಿ ಪಟ್ಟಿ ಕೆಟ್ಟಿತು, ಎಷ್ಟು ದಿನಕ್ಕೆ ಕೆಟ್ಟಿತು, ಹೇಗೆ ಮುಚ್ಚಿಟ್ಟರೆ ಉಳಿಯಿತು, ಅದಕ್ಕೆ ಬೆಲೆ ಎಷ್ಟಾಯಿತು ಎಂಬುದೆಲ್ಲ ಅವಳ ವರದಿಯಲ್ಲಿದೆ. ಆ ವರದಿ ಈಗ ಯಾವುದೋ ಕಚೇರಿಯ ಕಡತದಲ್ಲಿ ಮಲಗಿದೆ. ನಾಳೆ ಇನ್ನೊಬ್ಬ ಹುಡುಗ ಇನ್ನೊಂದು ಊರಿನಲ್ಲಿ ಇದೇ ಪಟ್ಟಿಯನ್ನು ಮಾಡಹೊರಟು, ಇದೇ ಮಳೆಗಾಲದಲ್ಲಿ, ಇದೇ ಹಣವನ್ನು ಕಳೆದರೆ, ಆಗ ನಿಜವಾಗಿ ಸರ್ಕಾರದ ದುಡ್ಡು ಹಾಳಾಯಿತು ಎನ್ನಬೇಕು. ಒಬ್ಬರು ಒಮ್ಮೆ ಸೋತರೆ ಅದು ಕಲಿಕೆ. ಅದೇ ಸೋಲನ್ನು ಹತ್ತು ಮಂದಿ ಬೇರೆಬೇರೆಯಾಗಿ ಕೊಂಡುಕೊಂಡರೆ ಅದು ದುಂದು.

ಗ್ರಂಥಸಂಪಾದನೆ ಮಾಡುವ ನಮ್ಮ ಕ್ಷೇತ್ರದಲ್ಲಿ ಒಂದು ಮರ್ಯಾದೆಯುಂಟು. ಸಂಪಾದಕನು ತಾನು ಒಪ್ಪಿದ ಪಾಠವನ್ನು ಮೇಲೆ ಅಚ್ಚುಮಾಡಿ, ತಾನು ಬಿಟ್ಟ ಪಾಠಾಂತರಗಳನ್ನೆಲ್ಲ ಪುಟದ ಅಡಿಯಲ್ಲಿ ಕೊಡುತ್ತಾನೆ. ಬಿಟ್ಟದ್ದನ್ನು ಮುಚ್ಚಿಡುವುದು ಅಲ್ಲಿ ಅಪರಾಧ. ಎಷ್ಟೋ ಸಲ ಐವತ್ತು ವರ್ಷಗಳ ಅನಂತರ ಬಂದ ವಿದ್ವಾಂಸನಿಗೆ ಆ ಅಡಿಯ ಪಾಠವೇ ಸರಿಯೆಂದು ಹೊಳೆಯುತ್ತದೆ. ಸಾರ್ವಜನಿಕ ಹಣದಿಂದ ನಡೆದ ಪ್ರಯೋಗಗಳ ವಿಷಯದಲ್ಲಿಯೂ ಇದೇ ಮರ್ಯಾದೆ ಏಕಿರಬಾರದು? ಉದ್ದಿಮೆಯ ಗುಟ್ಟುಗಳನ್ನು ಕಾಯುವಷ್ಟು ಕಾಲ ಕಾಯಲಿ; ಆಮೇಲೆ ಆ ವರದಿಗಳು ಯಾರು ಬೇಕಾದರೂ ಓದುವಂತೆ ತೆರೆದಿರಲಿ. ಗೆದ್ದವರ ಭಾವಚಿತ್ರಗಳನ್ನು ಅಚ್ಚುಹಾಕುವ ಉತ್ಸಾಹದಲ್ಲಿ ಹತ್ತರಲ್ಲೊಂದು ಪಾಲು ಇದಕ್ಕೆ ಮೀಸಲಾದರೂ ಸಾಕು.

ಅಂದು ಸಂಜೆ ಅವಳಿಗೆ ನಾನು ಇಷ್ಟನ್ನು ಹೇಳಲಾಗಲಿಲ್ಲ. “ಕೂತ್ಕೋ ತಾಯಿ, ಇನ್ನೊಂದು ಲೋಟ ಕಾಫಿ ಕುಡಿ” ಎಂದಷ್ಟೇ ಹೇಳಿದೆ. ಇಂದು ಅವಳು ಕೇಳುತ್ತಿದ್ದರೆ ಹೇಳುತ್ತೇನೆ: ಇಲ್ಲಮ್ಮ, ನೀನು ಹಾಳುಮಾಡಲಿಲ್ಲ. ನೀನು ಕಂಡುಕೊಂಡದ್ದನ್ನು ನಾಲ್ಕು ಜನರಿಗೆ ತಿಳಿಯುವಂತೆ ಬರೆದಿಡು. ಇಂಗ್ಲಿಷಿನಲ್ಲಿಯೂ ಬರೆ, ನಿನ್ನ ತಾಯಿಗೆ ಅರ್ಥವಾಗುವ ಕನ್ನಡದಲ್ಲಿಯೂ ಬರೆ. ಸಂಕಲ್ಪದ ಕನ್ನಡ ಬೇಡ.

ಬಳಕೆಯ ಸೂಚನೆಯ ಆ ನಾಲ್ಕು ಸಾಲಿನ ಹಾಳೆ ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ. ಮಲೆನಾಡಿನ ಮಳೆಯನ್ನು ತಡೆಯಬಲ್ಲ ಪಟ್ಟಿಯನ್ನು ಯಾರಾದರೂ ಒಂದು ದಿನ ಮಾಡಿಯೇ ಮಾಡುತ್ತಾರೆ. ಅಂಥವರು ಬಂದು ಕೇಳಿದರೆ ಕೊಡಲು ಅದು ಸಿದ್ಧವಾಗಿದೆ.